ಮೊಹರಿದೆ, ಮಾತಿಲ್ಲ

ನೋಟರಿಯ ಮೊಹರು ಹೇಗಿರಬೇಕು ಎಂಬುದರಲ್ಲಿ ನಮ್ಮ ಕಾನೂನು ಬಲು ಕಟ್ಟುನಿಟ್ಟು. 1956ರ ನೋಟರಿ ನಿಯಮಗಳ ಪ್ರಕಾರ ಅದು ಐದು ಸೆಂಟಿಮೀಟರ್ ವ್ಯಾಸದ ಸಾದಾ ದುಂಡು ಮೊಹರು. ಅದರೊಳಗೆ ನೋಟರಿಯ ಹೆಸರು, ಅವರಿಗೆ ಗೊತ್ತುಪಡಿಸಿದ ಪ್ರದೇಶ, ನೋಂದಣಿ ಸಂಖ್ಯೆ, ನೇಮಿಸಿದ ಸರ್ಕಾರದ ಹೆಸರು ಎಲ್ಲವೂ ಇರಬೇಕು. ಆ ಮೊಹರು ಯಾವ ಮಾತಿಗೆ ಸಾಕ್ಷಿ ಹೇಳುತ್ತಿದೆ ಎಂಬ ವಿಷಯಕ್ಕೆ ಬಂದರೆ ಮಾತ್ರ ಇಷ್ಟು ಬಿಗಿ ಇಲ್ಲ. 1952ರ ನೋಟರಿ ಕಾಯ್ದೆಯ 8ನೇ ಕಲಮಿನ ಎರಡನೇ ಉಪಕಲಮು ಕೇಳುವುದು ಎರಡೇ: ಸಹಿ ಮತ್ತು ಅಧಿಕೃತ ಮೊಹರು. ಅವೆರಡಿದ್ದರೆ ಅದು ನೋಟರಿ ಮಾಡಿದ ಕೆಲಸ, ಇಲ್ಲದಿದ್ದರೆ ಅಲ್ಲ. ಎದುರಿಗೆ ಬಂದವರು ಯಾರು, ಅವರನ್ನು ಗುರುತಿಸಿದ್ದು ಯಾವ ಆಧಾರದ ಮೇಲೆ, ಅವರು ಆಣೆ ಮಾಡಿದರೋ ಬರೀ ಸಹಿ ಹಾಕಿದರೋ ಎಂಬುದನ್ನು ಬರೆದೇ ತೀರಬೇಕೆಂದು ಆ ಕಲಮು ಎಲ್ಲೂ ಹೇಳುವುದಿಲ್ಲ.

ಈ ಮೌನಕ್ಕೆ ಒಂದು ಇತಿಹಾಸವಿದೆ. ಈ ಕಾಯ್ದೆ ಬರುವ ಮುನ್ನ ಇಲ್ಲಿನ ನೋಟರಿಗಳಿಗೆ ಅಧಿಕಾರ ಬರುತ್ತಿದ್ದದ್ದು ಇಂಗ್ಲೆಂಡಿನ ಮಾಸ್ಟರ್ ಆಫ್ ಫ್ಯಾಕಲ್ಟೀಸ್ ಎಂಬ ಅಧಿಕಾರಿಯಿಂದ, ಅಂದರೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರ ಸುಪರ್ದಿನ ಕಚೇರಿಯಿಂದ. ಸ್ವತಂತ್ರ ಭಾರತ ಆ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡಿತು. ಕೆಲಸದ ಪಟ್ಟಿಯನ್ನು ಮಾತ್ರ ಬಹುಪಾಲು ಹಳೆಯ ವ್ಯಾಪಾರಿ ಜಗತ್ತಿನಿಂದಲೇ ಎತ್ತಿಕೊಂಡಿತು. 8ನೇ ಕಲಮನ್ನು ಇಂದು ಓದಿದರೂ ಹುಂಡಿ, ಪ್ರಾಮಿಸರಿ ನೋಟು, ಹಡಗಿನ ಕಪ್ತಾನ ಬಂದರಿನಲ್ಲಿ ದಾಖಲಿಸುವ ಆಕ್ಷೇಪ ಇವೇ ಸಾಲುಗಟ್ಟಿ ನಿಂತಿವೆ. ಮೊಹರಿನ ಅರ್ಥವನ್ನು ಅಂಥ ವರ್ತಕನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೆಸರು ತಿದ್ದಿಸಲೋ ಸೈಟಿನ ಕಾಗದ ಮಾಡಿಸಲೋ ಕೋರ್ಟಿನ ಎದುರಿನ ಮರದಡಿ ಹಾಕಿದ ಮೇಜಿನ ಮುಂದೆ ನಿಲ್ಲುವವರಿಗೆ ಅದನ್ನು ಹೇಳಲೇಬೇಕು.

ಏಕೆಂದರೆ ಒಂದೇ ಮೊಹರು ಮೂರು ಬೇರೆ ಬೇರೆ ಕೆಲಸಗಳ ಮೇಲೆ ಬೀಳುತ್ತದೆ. ಅಫಿಡವಿಟ್ಟಿನ ಮೇಲೆ ಬಿದ್ದಾಗ ಅದರ ಅರ್ಥ ಇಷ್ಟೇ: ಈ ವ್ಯಕ್ತಿ ನನ್ನೆದುರು ಪ್ರಮಾಣ ಮಾಡಿ ಹೀಗೆ ಹೇಳಿದ. ಹೇಳಿದ್ದು ನಿಜವೇ ಎಂಬುದು ನೋಟರಿಗೆ ಸಂಬಂಧಿಸಿದ್ದಲ್ಲ. ಜೆರಾಕ್ಸ್ ಪ್ರತಿಯ ಮೇಲೆ ಬಿದ್ದರೆ ಮೂಲದೊಂದಿಗೆ ಹೋಲಿಸಿ ನೋಡಿದ್ದೇನೆ ಎಂದರ್ಥ. ಮುಖ್ತ್ಯಾರನಾಮೆಯ (ಜಿಪಿಎ) ಮೇಲೆ ಅದರ ತೂಕವೇ ಬೇರೆ. ನೋಟರಿಯ ಎದುರಿಗೆ ಬರೆದುಕೊಟ್ಟು ಅವರಿಂದ ದೃಢೀಕರಣಗೊಂಡ ಜಿಪಿಎ ನಿಜವಾಗಿಯೂ ಹಾಗೇ ಆಯಿತೆಂದು ನ್ಯಾಯಾಲಯ ಭಾವಿಸಬೇಕು ಎನ್ನುತ್ತಿತ್ತು ಹಳೆಯ ಸಾಕ್ಷ್ಯ ಕಾಯ್ದೆಯ 85ನೇ ಕಲಮು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಈ ಮಾತನ್ನು ಉಳಿಸಿಕೊಂಡಿದೆ. ಕೋರ್ಟು ಇಷ್ಟು ದೊಡ್ಡ ನಂಬಿಕೆಯನ್ನು ಹೊರಿಸುವುದಾದರೆ, ‘ನನ್ನೆದುರು’ ಎಂದರೆ ಏನೆಂದು ಆ ಕಾಗದವೇ ಹೇಳಬೇಡವೇ? ನಮ್ಮಲ್ಲಿ ಕಾಣುವುದು ‘ಅಟೆಸ್ಟೆಡ್’ ಎಂಬ ರಬ್ಬರ್ ಸ್ಟಾಂಪು, ಒಂದು ಗೀಚು ಸಹಿ, ಬದಿಯಲ್ಲಿ ‘ನನ್ನಿಂದ ಗುರುತಿಸಲ್ಪಟ್ಟವರು’ ಎಂದು ಯಾವುದೋ ವಕೀಲರ ಇನ್ನೊಂದು ಸಹಿ, ಕೆಳಗೆ ‘ತಿದ್ದುಪಡಿಗಳು: ಇಲ್ಲ’. ತಿದ್ದುಪಡಿಯ ಲೆಕ್ಕ ಇಟ್ಟವರು ಮನುಷ್ಯನನ್ನು ಹೇಗೆ ಗುರುತಿಸಿದರೆಂದು ಬರೆಯುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಹೀಗಿಲ್ಲ. 2015ರ ಜನವರಿಯಿಂದ ಅಲ್ಲಿನ ನೋಟರಿ ಪ್ರಮಾಣಪತ್ರದ ತಲೆಯ ಮೇಲೆ ಒಂದು ಚೌಕಟ್ಟು ಕಡ್ಡಾಯ. ಈ ಪತ್ರ ಸಹಿ ಮಾಡಿದವರ ಗುರುತನ್ನಷ್ಟೇ ಖಚಿತಪಡಿಸುತ್ತದೆ, ದಸ್ತಾವೇಜಿನ ಸತ್ಯವನ್ನಾಗಲಿ ನಿಖರತೆಯನ್ನಾಗಲಿ ಸಿಂಧುತ್ವವನ್ನಾಗಲಿ ಅಲ್ಲ ಎಂಬ ಎಚ್ಚರಿಕೆ ಅದರಲ್ಲಿದೆ. ಯಾವ ಕೌಂಟಿಯಲ್ಲಿ, ಯಾವ ದಿನ, ಯಾರು ಖುದ್ದಾಗಿ ಹಾಜರಾದರು ಎಂಬುದನ್ನೂ ಕೆಳಗೆ ತುಂಬಬೇಕು. ಸಿಲಿಕಾನ್ ಕಣಿವೆಯ ಕನ್ನಡಿಗರು ಮೈಸೂರಿನ ಮನೆ ಮಾರಲು ತಮ್ಮನ ಹೆಸರಿಗೆ ಮುಖ್ತ್ಯಾರನಾಮೆ ಕಳಿಸಿದಾಗ ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬರುವುದು ಇಂಥದೇ ಕಾಗದ. ಆ ಚೌಕಟ್ಟು ನೋಡಲು ಚೆಂದವಿಲ್ಲ, ಭಾಷೆಯೂ ಒಣಕಲು. ಆದರೂ ನಮ್ಮ ಮೊಹರಿಗಿಂತ ಅದು ಪ್ರಾಮಾಣಿಕ ಅನ್ನಿಸುತ್ತದೆ.

ಇಲ್ಲೊಂದು ವಿಚಿತ್ರವೂ ಇದೆ. ನೋಂದಣಿ ಕಾಯ್ದೆಯ 33ನೇ ಕಲಮಿನ ಪ್ರಕಾರ ಪರದೇಶದಲ್ಲಿರುವವರು ದಸ್ತಾವೇಜನ್ನು ನೋಂದಣಿಗೆ ಹಾಜರುಪಡಿಸಲು ಕೊಡುವ ಮುಖ್ತ್ಯಾರನಾಮೆಗೆ ನೋಟರಿಯ ದೃಢೀಕರಣ ನಡೆಯುತ್ತದೆ. ಹಾಸನದಲ್ಲೇ ಇರುವವರು ಕೊಡುವುದಾದರೆ ಸಬ್ ರಿಜಿಸ್ಟ್ರಾರರೋ ಜಿಲ್ಲಾ ರಿಜಿಸ್ಟ್ರಾರರೋ ದೃಢೀಕರಿಸಬೇಕು, ಊರಿನ ನೋಟರಿ ಸಾಲದು.

ಕಾಗದ ಬಾಯಿ ಬಿಡದಿದ್ದರೆ ಜನ ತಮಗೆ ಬೇಕಾದ ಅರ್ಥ ಹಚ್ಚಿಕೊಳ್ಳುತ್ತಾರೆ. ನೋಟರಿ ಮಾಡಿಸಿದ ಕರಾರನ್ನೋ ಜಿಪಿಎಯನ್ನೋ ನಂಬಿ ಕೊಂಡ ಸೈಟುಗಳಿಗೆ ಬೆಂಗಳೂರಿನ ಅಂಚಿನಲ್ಲಿ ಕೊರತೆಯಿಲ್ಲ. ಜಿಪಿಎ ಮೂಲಕ ಮಾರಿದರೆ ಒಡೆತನ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ 2011ರಲ್ಲೇ ಸ್ಪಷ್ಟವಾಗಿ ಹೇಳಿತು. ಮದುವೆ, ವಿಚ್ಛೇದನಗಳೂ ಛಾಪಾ ಕಾಗದದ ಮೇಲೆ ನೋಟರಿಯ ಎದುರೇ ಮುಗಿದುಹೋಗುತ್ತಿದ್ದವು. ನೋಟರಿಗಳು ವಿವಾಹಾಧಿಕಾರಿಗಳಲ್ಲ, ಇಂಥ ಪತ್ರಗಳನ್ನು ಮಾಡಿಕೊಡಬೇಡಿ ಎಂದು ಕೇಂದ್ರ ಕಾನೂನು ಇಲಾಖೆ 2024ರ ಅಕ್ಟೋಬರಿನಲ್ಲಿ ಜ್ಞಾಪನ ಹೊರಡಿಸಬೇಕಾಯಿತು. ನೋಟರಿಗಳನ್ನು ಗದರಿಸಿದ್ದು ಸರಿಯೇ. ಆದರೆ ಆ ಮೊಹರನ್ನು ಮನೆಗೆ ಒಯ್ದು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟ ದಂಪತಿಗೆ ಜ್ಞಾಪನ ತಲುಪುವುದಿಲ್ಲ, ಕಾಗದದ ಮೇಲಿನ ಒಂದು ಸಾಲು ತಲುಪುತ್ತಿತ್ತು.

ನಿಯಮಗಳಲ್ಲಿ ಒಳ್ಳೆಯದೇನೂ ಇಲ್ಲವೆಂದಲ್ಲ. ಪ್ರತಿ ನೋಟರಿಯೂ ವಹಿ ಇಡಬೇಕು. ದಿನಾಂಕ, ಬಂದವರ ಹೆಸರು ವಿಳಾಸ, ಪಡೆದ ಶುಲ್ಕ, ಬಂದವರ ಸಹಿ ಎಲ್ಲಕ್ಕೂ ಅದರಲ್ಲಿ ಅಂಕಣಗಳಿವೆ. ವರ್ಷಕ್ಕೊಮ್ಮೆ ಸರ್ಕಾರಕ್ಕೆ ಲೆಕ್ಕ ಒಪ್ಪಿಸಬೇಕು, ಶುಲ್ಕದ ದರಪಟ್ಟಿಯನ್ನು ಕಚೇರಿಯ ಒಳಗೂ ಹೊರಗೂ ತೂಗುಹಾಕಬೇಕು. ನಿಜವಾದ ಪ್ರಮಾಣ ಇರುವುದು ಆ ವಹಿಯಲ್ಲಿ. ತೊಂದರೆಯೆಂದರೆ ಅದು ನೋಟರಿಯ ಬೀರುವಿನಲ್ಲಿರುತ್ತದೆ, ಕಾಗದ ಊರೆಲ್ಲ ತಿರುಗುತ್ತದೆ. ಗುಮಾಸ್ತನ ಕೈಗೆ ಕಾಗದ ಕೊಟ್ಟು ಸಂಜೆ ಬಂದು ಒಯ್ಯುವ ರೂಢಿಯಲ್ಲಂತೂ ವಹಿಯ ಸಹಿ ಅಂಕಣದ ಗತಿ ಏನೆಂದು ಊಹಿಸಬಹುದು. ಇಂಥದ್ದು ಬಯಲಾದರೂ ನೋಟರಿಯ ಮೇಲೆ ನೇರವಾಗಿ ಕೋರ್ಟಿಗೆ ಹೋಗುವುದು ಸುಲಭವಲ್ಲ. ನೋಟರಿ ಕೆಲಸದಲ್ಲಿ ಎಸಗಿದ ಅಪರಾಧಕ್ಕೆ ಸರ್ಕಾರ ಅಧಿಕಾರ ಕೊಟ್ಟ ಅಧಿಕಾರಿಯ ಲಿಖಿತ ದೂರು ಬೇಕೆನ್ನುತ್ತದೆ ನೋಟರಿ ಕಾಯ್ದೆಯ 13ನೇ ಕಲಮು.

ಸರ್ಕಾರ ಕಂಡುಕೊಂಡ ದಾರಿ ನೋಟರಿಯನ್ನೇ ಕೈಬಿಡುವುದು. 2016ರ ಡಿಸೆಂಬರಿನಿಂದ ಪಾಸ್‌ಪೋರ್ಟ್ ಅರ್ಜಿಯ ಅನುಬಂಧಗಳಿಗೆ ಬಿಳಿ ಹಾಳೆಯ ಮೇಲಿನ ಸ್ವಯಂ ಘೋಷಣೆ ಸಾಕು. ಅರ್ಧದಷ್ಟು ಕೆಲಸಗಳಿಗೆ ಇದೇ ಸರಿಯಾದ ಮದ್ದು. ಉಳಿದರ್ಧಕ್ಕೆ, ಅಂದರೆ ಜಿಪಿಎ, ಕೋರ್ಟಿನ ಅಫಿಡವಿಟ್ಟು, ಹೊರದೇಶಕ್ಕೆ ಹೋಗುವ ಪ್ರತಿಗಳಿಗೆ, ನಾಲ್ಕು ಸಾಲು ಕಡ್ಡಾಯವಾಗಲಿ: ಇಂಥವರು ಇಂಥ ದಿನ ಖುದ್ದಾಗಿ ಬಂದರು, ಇಂಥ ಗುರುತಿನ ಚೀಟಿ ನೋಡಿದೆ, ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಓದಿ ತಿಳಿಸಿದೆ, ಒಳಗಿನ ವಿಷಯ ಸತ್ಯವೆಂದು ನಾನು ಹೇಳುತ್ತಿಲ್ಲ. ಇದಕ್ಕೆ ಸಂಸತ್ತಿನಲ್ಲಿ ಹೊಸ ಕಾಯ್ದೆಯೇ ಬೇಕಿಲ್ಲ. ನಿಯಮ ಮಾಡುವ ಅಧಿಕಾರ ನೋಟರಿ ಕಾಯ್ದೆಯ 15ನೇ ಕಲಮಿನಡಿ ಕೇಂದ್ರ ಸರ್ಕಾರಕ್ಕಿದೆ, ಮೊಹರಿನ ಅಳತೆ ಗೊತ್ತುಪಡಿಸಿದ್ದೂ ಆ ಅಧಿಕಾರದಿಂದಲೇ.