ಡಯಲ್ ಮುಟ್ಟಬೇಡಿ

ಹಳೆಯ ವಾಚು ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಡಯಲ್. ಓಡುತ್ತದೋ ಇಲ್ಲವೋ ಎಂಬುದು ಆಮೇಲಿನ ಮಾತು. ನಿಂತ ವಾಚನ್ನು ಓಡಿಸಬಹುದು, ಒಮ್ಮೆ ಉಜ್ಜಿ ತೆಗೆದ ಡಯಲ್ ಮರಳಿ ಬಾರದು.

ನಮ್ಮ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ಹಳೆಯ ವಾಚು ಎಂದರೆ ಬಹುಪಾಲು ಎಚ್‌ಎಂಟಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯ ಈ ವಾಚುಗಳು ಲಗ್ನದಲ್ಲಿ ಅಳಿಯನ ಕೈಗೆ, ನೌಕರಿ ಹತ್ತಿದಾಗ ಮಗನ ಕೈಗೆ ಏರಿದವು. ದಿನಾ ಕಟ್ಟಿದವು ಎರಿ ಹೊಲದ ಧೂಳು, ಬೆವರು ಕುಡಿದು ಸವೆದವು. ಲಗ್ನಕ್ಕೆ, ಯಲ್ಲಮ್ಮನ ಜಾತ್ರೆಗೆ ಅಂತ ತೆಗೆದು ಮತ್ತೆ ಟ್ರಂಕಿಗೆ ಸೇರಿಸಿದವು ಉಳಿದಿವೆ.

ಅಂಥದೊಂದು ಎಚ್‌ಎಂಟಿ ಜನತಾ ವಾಚು ಈಚೆಗೆ ಕಿತ್ತೂರಿನ ಗೆಳೆಯರ ಮನೆಯಲ್ಲಿ ನೋಡಲು ಸಿಕ್ಕಿತು. ತಾರೀಖಿಲ್ಲ, ವಾರವಿಲ್ಲ, ಅಂಗಿಯ ತೋಳಿನೊಳಗೆ ಸರಾಗ ಸರಿಯುತ್ತದೆ. ಬಿಳಿ ಡಯಲ್ ಕೆನೆಬಣ್ಣಕ್ಕೆ ತಿರುಗಿದೆ, ಅಂಚಿನಲ್ಲಿ ತುಸು ಹೆಚ್ಚು. ದೇವನಾಗರಿಯಲ್ಲಿ ಬರೆದ ಹೆಸರಿನ ತಲೆಗೆರೆ ಭೂತಗನ್ನಡಿಯಲ್ಲಿ ನೋಡಿದರೂ ಎಲ್ಲೂ ಕದಡಿಲ್ಲ. ಪಟ್ಟಿ ಸಿಕ್ಕಿಸುವ ಕಾಲುಗಳ ಅಂಚು ಇನ್ನೂ ಬೆರಳಿಗೆ ಹತ್ತುತ್ತದೆ, ಅಂದರೆ ಯಾರೂ ಅದನ್ನು ಪಾಲಿಶ್ ಚಕ್ರಕ್ಕೆ ಹಿಡಿದಿಲ್ಲ.

“ಡಯಲ್ ಹಳದಿ ಆಗೇದ್ರಿ, ಹೊಸಾದು ಮಾಡಿಸಿಬಿಡ್ಲೇನು?” ಅಂದರು.

“ಬ್ಯಾಡ್ರಿ. ಹಂಗ ಇರ್ಲಿ.”

2016ರಲ್ಲಿ ಎಚ್‌ಎಂಟಿಯ ವಾಚು ಕಂಪನಿಯನ್ನೇ ಮುಚ್ಚುವ ತೀರ್ಮಾನವಾಯಿತು. ಈಗ ಮಾರಾಟಕ್ಕೆ ಬರುವ ಎಚ್‌ಎಂಟಿಗಳಲ್ಲಿ ಮರುಬಣ್ಣ ಬಳಿದವು ರಾಶಿ ರಾಶಿ. ಥಳಥಳಿಸುವ ನೀಲಿ, ಕಿತ್ತಳೆ. ಅಕ್ಷರ ದಪ್ಪಗೆ ಹರಡಿರುತ್ತದೆ. ನಿಮಿಷದ ಗೆರೆ ಗಂಟೆಯ ಗುರುತಿಗೆ ಸರಿಯಾಗಿ ಕೂಡುವುದಿಲ್ಲ. ಅದನ್ನು ‘ಹೊಸದರಂತಿದೆ’ ಎಂದು ಕೊಂಡವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟ. ಬಂಗಾರದ ಲೇಪದ ತೆಳು ಎಚ್‌ಎಂಟಿ ಸೋನಾದಲ್ಲಿ ಲೇಪ ಸವೆದು ಒಳಲೋಹ ಇಣುಕಿದರೂ ನಾನು ಅದನ್ನೇ ಆರಿಸುತ್ತೇನೆ. ಅದು ಒಬ್ಬರ ಮಣಿಕಟ್ಟಿಗೆ ಉಜ್ಜಿ ಆದದ್ದು.

ಒಳಗಿನ ಯಂತ್ರದ ಮಾತು ಬೇರೆ. ಜನತಾದಲ್ಲಿ 17 ಜ್ಯುವೆಲ್, ಗಂಟೆಗೆ 18,000 ಬಡಿತ. ಕಿವಿಗೆ ಹಿಡಿದರೆ ಸೆಕೆಂಡಿಗೆ ಐದು ಟಿಕ್. ಟ್ರಂಕಿನಿಂದ ತೆಗೆದ ಕೂಡಲೇ ಚಾವಿ ಕೊಟ್ಟು ಓಡಿಸುವ ಆಸೆ ಯಾರಿಗಾದರೂ ಆಗುತ್ತದೆ. ತಡೆಯಿರಿ. ವರ್ಷಗಟ್ಟಲೆ ಕೂತ ಎಣ್ಣೆ ಅಂಟಾಗಿ ಒಣಗಿರುತ್ತದೆ, ಆ ಸ್ಥಿತಿಯಲ್ಲಿ ಓಡಿದರೆ ಚಕ್ರಗಳ ಮೊನೆ ಸವೆಯುತ್ತದೆ. ಮೊದಲು ರಿಪೇರಿಯವರ ಹತ್ತಿರ ಬಿಚ್ಚಿಸಿ, ತೊಳೆಸಿ, ಎಣ್ಣೆ ಹಾಕಿಸಿ. ಗೀರು ಬಿದ್ದ ಗ್ಲಾಸು ಪ್ಲಾಸ್ಟಿಕ್ಕಿನದು, ಬದಲಾಯಿಸಿದರೂ ನಷ್ಟವಿಲ್ಲ. ಡಯಲ್, ಮುಳ್ಳು, ಕೇಸ್ ಮಾತ್ರ ಮುಟ್ಟಕೂಡದು ಎಂದು ಕೊಡುವಾಗಲೇ ಹೇಳಿ. ಬದಲಿಸಿದ ಹಳೆಯ ಬಿಡಿಭಾಗಗಳನ್ನು ಪೊಟ್ಟಣ ಕಟ್ಟಿಸಿಕೊಂಡು ಬನ್ನಿ. ಆಮೇಲೆ ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಚಾವಿ ಕೊಡಿ, ಬಿಗಿ ಹತ್ತಿದಲ್ಲಿಗೆ ನಿಲ್ಲಿಸಿ.