ಶುಂಠಿಯ ಸತ್ವ: ಊರಿನದೋ, ತಳಿಯದೋ?

ಶುಂಠಿಯ ಉತ್ಕರ್ಷಣ ನಿರೋಧಕ ಗುಣದ ಮೂಲ ಹೆಚ್ಚಿನಂಶ ಅದರ ಖಾರದಲ್ಲೇ ಇದೆ. ಹಸಿ ಗೆಡ್ಡೆಯ ಖಾರಕ್ಕೆ ಜಿಂಜೆರಾಲ್‌ಗಳು, ಅದರಲ್ಲೂ 6-ಜಿಂಜೆರಾಲ್, ಕಾರಣ. ಗೆಡ್ಡೆ ಒಣಗುವಾಗ ಇದು ನೀರಿನ ಒಂದು ಅಣುವನ್ನು ಬಿಟ್ಟುಕೊಟ್ಟು 6-ಶೋಗಾಲ್ ಆಗುತ್ತದೆ. ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಜಿಂಜೆರಾಲ್‌ಗಿಂತ ಶೋಗಾಲ್ ಚುರುಕು.

ಬೇರೆ ಬೇರೆ ಪ್ರದೇಶಗಳ ಶುಂಠಿಯನ್ನು ಹೋಲಿಸಲು ಹೆಚ್ಚಾಗಿ ಬಳಸುವುದು ಡಿಪಿಪಿಎಚ್ ಪರೀಕ್ಷೆ. ಡಿಪಿಪಿಎಚ್ ಎಂಬ ರಾಸಾಯನಿಕದ ಕಡುನೇರಳೆ ದ್ರಾವಣಕ್ಕೆ ಶುಂಠಿಯ ಸಾರ ಬೆರೆಸಿ ಕತ್ತಲಲ್ಲಿಟ್ಟರೆ ಬಣ್ಣ ಮಾಸಿ ಹಳದಿಗೆ ತಿರುಗುತ್ತದೆ. ಎಷ್ಟು ಮಾಸಿತೆಂದು 517 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯುತ್ತಾರೆ. ವಿಧಾನ ಅಗ್ಗ, ಸುಲಭ. ಆದರೆ ಜಿಂಜೆರಾಲ್ ನೀರಿನಲ್ಲಿ ಸರಿಯಾಗಿ ಕರಗದು. ಒಬ್ಬರು ಮೆಥನಾಲ್‌ನಲ್ಲಿ, ಇನ್ನೊಬ್ಬರು ನೀರಿನಲ್ಲಿ ಸಾರ ತೆಗೆದಿದ್ದರೆ ಎರಡು ಅಂಕಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ.

ಇದಕ್ಕಿಂತ ದೊಡ್ಡ ದೋಷ ‘ಪ್ರದೇಶ’ ಎಂಬ ಚೀಟಿಯಲ್ಲೇ ಇದೆ. ಶುಂಠಿ ಬೀಜ ಕಟ್ಟುವ ಬೆಳೆಯಲ್ಲ. ಬಿತ್ತನೆ ಗೆಡ್ಡೆಯ ತುಂಡಿನೊಂದಿಗೆ ತಳಿಯೂ ಊರಿಂದೂರಿಗೆ ಹೋಗುತ್ತದೆ. ಮಲೆನಾಡಿನವರು ‘ರಿಗೋಡಿ’ ಎನ್ನುವುದು ಬ್ರೆಜಿಲ್‌ನಿಂದ ಬಂದ ರಿಯೋ ಡಿ ಜನೈರೋ ತಳಿಯನ್ನು. ಹಾಸನದ ಹೊಲಗಳಲ್ಲಿ ‘ಹಿಮಾಚಲ’ ಬೆಳೆಯುತ್ತದೆ. ಅಸ್ಸಾಮಿನ ‘ಮಾರನ್’ ಕೇರಳಕ್ಕೂ ಬಂದಿದೆ. ಹೀಗಿರುವಾಗ ಎರಡು ಊರುಗಳ ಮಾರುಕಟ್ಟೆಯಿಂದ ಗೆಡ್ಡೆ ಕೊಂಡು ತಂದು ಅಳೆದರೆ, ಸಿಕ್ಕ ವ್ಯತ್ಯಾಸ ಮಣ್ಣು-ಹವೆಯದೋ ತಳಿಯದೋ ತಿಳಿಯುವುದಿಲ್ಲ.

ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಹಸಿಶುಂಠಿಗೆಂದು ಬೆಳೆಯನ್ನು ಆರನೇ ತಿಂಗಳಿನಿಂದಲೇ ಕೀಳುತ್ತಾರೆ. ಒಣಶುಂಠಿಗೆ ಎಂಟು ತಿಂಗಳು ಬಲಿಯಬೇಕು. 100 ಕಿಲೋ ಹಸಿ ಗೆಡ್ಡೆ ಒಣಗಿದರೆ ಉಳಿಯುವುದು ಸುಮಾರು 20 ಕಿಲೋ. ಫಲಿತಾಂಶ ಹಸಿ ತೂಕದ್ದೋ ಒಣ ತೂಕದ್ದೋ ಎಂದು ಹೇಳದ ಕೋಷ್ಟಕದಿಂದ ಪ್ರಯೋಜನವಿಲ್ಲ. ಬಿಸಿಲಿನಲ್ಲಿ ಒಣಗಿಸಿದ್ದಕ್ಕೂ ಹೆಚ್ಚು ಶಾಖದ ಯಂತ್ರದಲ್ಲಿ ಒಣಗಿಸಿದ್ದಕ್ಕೂ ಶೋಗಾಲ್ ಪ್ರಮಾಣ ಬೇರೆ.

ಪ್ರದೇಶದ ಪಾಲನ್ನು ನಿಜವಾಗಿ ಬಿಡಿಸಿ ನೋಡಬೇಕಾದರೆ ಒಂದೇ ತಳಿಯ ಬಿತ್ತನೆ ಗೆಡ್ಡೆಯನ್ನು ಹಲವು ಊರುಗಳಲ್ಲಿ ನೆಟ್ಟು, ಒಂದೇ ವಯಸ್ಸಿಗೆ ಕಿತ್ತು, ಒಂದೇ ರೀತಿ ಒಣಗಿಸಬೇಕು. ಜೊತೆಗೆ ಹಲವು ತಳಿಗಳನ್ನು ಒಂದೇ ಹೊಲದಲ್ಲೂ ಬೆಳೆಯಬೇಕು. ಮಳೆ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಒಂದು ಹಂಗಾಮು ಸಾಲದು.

ಇಷ್ಟೆಲ್ಲ ಮಾಡಿದರೂ ಆ ಅಂಕಿ ಗಾಜಿನ ನಳಿಕೆಯದು, ದೇಹದ್ದಲ್ಲ. ತಿಂದ ಜಿಂಜೆರಾಲ್‌ನ ಬಹುಪಾಲು ಕರುಳು ಮತ್ತು ಯಕೃತ್ತಿನಲ್ಲಿ ಗ್ಲುಕುರಾನಿಕ್ ಆಮ್ಲದೊಂದಿಗೆ ಬೆಸೆದುಕೊಳ್ಳುತ್ತದೆ. ರಕ್ತದಲ್ಲಿ ಬಿಡಿಯಾಗಿ ಸಿಗುವುದು ಅತ್ಯಲ್ಪ. ಇಂಥ ಮಾಪನಗಳಿಂದ ಆರೋಗ್ಯದ ಲಾಭ ಅಳೆಯಲಾಗದೆಂದೇ ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ಆಹಾರಗಳ ಉತ್ಕರ್ಷಣ ನಿರೋಧಕ ಸಾಮರ್ಥ್ಯದ ತನ್ನ ‘ಒಆರ್‌ಎಸಿ’ ಪಟ್ಟಿಯನ್ನು ಹಿಂತೆಗೆದುಕೊಂಡಿತು. ತಳಿ ಆಯ್ಕೆಗೆ, ಕೊಯ್ಲಿನ ಕಾಲ ಮತ್ತು ಒಣಗಿಸುವ ಕ್ರಮ ಗೊತ್ತುಮಾಡಲು ಈ ಹೋಲಿಕೆಗಳು ನೆರವಾಗುತ್ತವೆ. ಒಂದು ಊರಿನ ಶುಂಠಿಯೇ ಔಷಧವೆಂದು ಸಾರುವುದಕ್ಕೆ ಅವು ಆಧಾರವಾಗಲಾರವು.