ಪಾರಸಿ ಲಿಪಿ: ಅಚ್ಚುಮೊಳೆಯಿಂದ ಗಣಕದವರೆಗೆ

ಪಾರಸಿ ಲಿಪಿಯು ಜಟಿಲವಾದುದು, ಆದುದರಿಂದಲೇ ಅದು ಯಂತ್ರಕ್ಕೆ ತಡವಾಗಿ ಒಗ್ಗಿತು ಎಂಬ ಗ್ರಹಿಕೆಯೊಂದು ರೂಢಿಯಲ್ಲಿದೆ. ಇದನ್ನು ಮರುಪರಿಶೀಲಿಸುವ ಅಗತ್ಯವಿದೆ. ಒಗ್ಗಬೇಕಾದುದು ಲಿಪಿಯೋ ಯಂತ್ರವೋ ಎಂಬುದೇ ಇಲ್ಲಿನ ಮೂಲಪ್ರಶ್ನೆ.

ಅರಬ್ಬಿಯ 28 ಅಕ್ಷರಗಳ ಜೊತೆಗೆ ಪೆ, ಚೆ, ಝೆ, ಗಾಫ್ ಎಂಬ ನಾಲ್ಕು ಸೇರಿ ಪಾರಸಿ ವರ್ಣಮಾಲೆಯಲ್ಲಿ 32 ಅಕ್ಷರಗಳಿವೆ. ಪದದ ಆದಿ, ಮಧ್ಯ, ಅಂತ್ಯಗಳಲ್ಲಿಯೂ ಒಂಟಿಯಾಗಿ ನಿಂತಾಗಲೂ ಬಹುತೇಕ ಅಕ್ಷರಗಳ ಆಕಾರ ಬದಲಾಗುತ್ತದೆ. ನಸ್ಖ್ ಶೈಲಿಯಲ್ಲಿ ಅಕ್ಷರಗಳು ಸಮರೇಖೆಯಲ್ಲಿ ಸಾಗುವುದರಿಂದ ಬಿಡಿಮೊಳೆಗಳ ಜೋಡಣೆ ಸಾಧ್ಯ. ಕಾವ್ಯದ ಹಸ್ತಪ್ರತಿಗಳಿಗೆ ಪ್ರಿಯವಾದ ನಸ್ತಾಲೀಕ್ ಶೈಲಿಯಲ್ಲಾದರೋ ಪದವು ಬಲದಿಂದ ಎಡಕ್ಕೆ ಓರೆಯಾಗಿ ಇಳಿಯುತ್ತದೆ. ಅಕ್ಷರವೊಂದರ ಎತ್ತರವನ್ನು ಮುಂದಿನ ಅಕ್ಷರಗಳು ನಿರ್ಧರಿಸುತ್ತವೆ. ಚಾರ್ಲ್ಸ್ ವಿಲ್ಕಿನ್ಸ್ 18ನೆಯ ಶತಮಾನದ ಕೊನೆಯಲ್ಲಿ ಬಂಗಾಳದಲ್ಲಿ ನಸ್ತಾಲೀಕ್ ಮೊಳೆಗಳನ್ನು ಸಿದ್ಧಪಡಿಸಿದನಾದರೂ ಆ ಮಾರ್ಗ ವ್ಯಾಪಕವಾಗಲಿಲ್ಲ.

ಇರಾನಿನ ತಬ್ರೀಜ್ ನಗರದಲ್ಲಿ 1810ರ ದಶಕದಲ್ಲಿ ಮೊಳೆಯಚ್ಚು ನೆಲೆಗೊಂಡಿತು. 1830ರ ದಶಕದಲ್ಲಿ ಬಂದ ಕಲ್ಲಚ್ಚು ಕ್ರಮೇಣ ಅದನ್ನು ಹಿಂದಿಕ್ಕಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ಪ್ರಧಾನವಾಯಿತು. ಇದನ್ನು ಹಿನ್ನಡೆಯೆಂದು ಪರಿಗಣಿಸುವುದು ಉಚಿತವಲ್ಲ. ಲಿಪಿಕಾರನ ಕೈಬರಹವನ್ನು ಯಥಾವತ್ತಾಗಿ ಪ್ರತಿಗೊಳಿಸಿ ಓದುಗರ ರೂಢಿಯನ್ನು ಉಳಿಸಿಕೊಂಡ ವಿವೇಕದ ಆಯ್ಕೆಯದು. ಆದರೆ ಕಲ್ಲಚ್ಚಿನಲ್ಲಿ ಪುಟವು ಚಿತ್ರವಾಗಿ ಉಳಿಯುತ್ತದೆಯೇ ಹೊರತು ಅಕ್ಷರಗಳ ಜೋಡಣೆಯಾಗುವುದಿಲ್ಲ. ಇದೇ ನಸ್ತಾಲೀಕ್ ಶೈಲಿಯನ್ನು ಬಳಸುವ ಉರ್ದುವಿಗಾಗಿ ಮಿರ್ಜಾ ಅಹಮದ್ ಜಮೀಲ್ ರೂಪಿಸಿದ, 1981ರಲ್ಲಿ ಬಳಕೆಗೆ ಬಂದ ನೂರಿ ನಸ್ತಾಲೀಕ್ ಕೂಡ ಸಾವಿರಾರು ಸಿದ್ಧ ಅಕ್ಷರಗುಚ್ಛಗಳನ್ನು ಗಣಕದಲ್ಲಿ ಸಂಗ್ರಹಿಸಿತು. ತತ್ತ್ವತಃ ಅದು ಕಲ್ಲಚ್ಚಿನ ಮುಂದುವರಿಕೆಯೇ.

ನಿಜವಾದ ತಿರುವು 1991ರಲ್ಲಿ ಮೊದಲ ಆವೃತ್ತಿ ಕಂಡ ಯೂನಿಕೋಡ್‌ನದು. ಅಕ್ಷರಕ್ಕೆ ಸಂಕೇತ, ಆಕಾರಕ್ಕೆ ಫಾಂಟ್ ಎಂಬ ವಿಭಜನೆಯಿಂದ ಯಂತ್ರವೇ ಲಿಪಿಗೆ ಒಗ್ಗಿತು. ಆದರೂ ಸಮಸ್ಯೆ ಮುಗಿಯಲಿಲ್ಲ. ಅದು ಕಣ್ಣಿನಿಂದ ಮರೆಯಾಗಿ ಸಂಕೇತಗಳೊಳಗೆ ಸೇರಿಕೊಂಡಿತು. ಅರಬ್ಬಿ ಮತ್ತು ಪಾರಸಿಯ 'ಯೇ', 'ಕಾಫ್' ಅಕ್ಷರಗಳಿಗೆ ಪ್ರತ್ಯೇಕ ಸಂಕೇತಗಳಿವೆ. ಪದದ ಆದಿ, ಮಧ್ಯಗಳಲ್ಲಿ ಅವು ಒಂದೇ ಬಗೆಯಾಗಿ ಕಾಣುತ್ತವೆ. ಗ್ರಂಥಸೂಚಿಯಲ್ಲಿ ಒಂದನ್ನು ಬಳಸಿ, ಶೋಧಕನು ಇನ್ನೊಂದನ್ನು ಒತ್ತಿದರೆ ಕಪಾಟಿನಲ್ಲಿರುವ ಗ್ರಂಥವೂ ಇಲ್ಲವೆಂದೇ ಉತ್ತರ ಬರುತ್ತದೆ. 'ಮೀ' ಎಂಬ ಪೂರ್ವಪ್ರತ್ಯಯವನ್ನು ಕ್ರಿಯಾಪದಕ್ಕೆ ಅಂಟಿಸದೆಯೂ ದೂರವಿಡದೆಯೂ ಬರೆಯಲು ಬೇಕಾದ 'ನೀಮ್‌ಫಾಸಿಲೆ', ಅಂದರೆ ಅರ್ಧಾಂತರ, ಇಂತಹದೇ ಅಗೋಚರ ಸಂಕೇತ. ಕನ್ನಡದಲ್ಲಿ 'ಸಾಫ್ಟ್‌ವೇರ್' ಎಂಬ ಪದದ 'ವೇ' ಒತ್ತಕ್ಷರವಾಗದಂತೆ ತಡೆಯುವುದೂ ಅದೇ ಸಂಕೇತವೆಂಬುದು ಗಮನಾರ್ಹ.

ಇರಾನಿನ ಮಾನಕ ಸಂಸ್ಥೆಯು 2002ರಲ್ಲಿ ಐಎಸ್‌ಐಆರ್‌ಐ 6219 ಎಂಬ ಮಾನಕದ ಮೂಲಕ ಈ ಬಳಕೆಯನ್ನು ನಿಯಮಬದ್ಧಗೊಳಿಸಿತು. ಆದರೆ ಹಳೆಯ ದತ್ತಾಂಶವು ತಾನಾಗಿ ಪರಿಷ್ಕೃತವಾಗುವುದಿಲ್ಲ. ಆದುದರಿಂದ ಲಿಪಿಯ ತಾಂತ್ರಿಕ ಅಳವಡಿಕೆಯನ್ನು ಪುಟದ ಅಂದದಿಂದ ಮಾತ್ರ ಅಳೆಯುವುದು ಸಾಲದು. ಬರೆದುದು ಮತ್ತೆ ದೊರೆಯುವುದೇ ಎಂಬುದೂ ಅದರ ಅಳತೆಗೋಲಾಗಬೇಕು. ಪಾರಸಿ ಗ್ರಂಥಗಳನ್ನು ಗಣಕಕ್ಕೆ ಅಳವಡಿಸುವ ಗ್ರಂಥಾಲಯಗಳು ಸಂಕೇತಗಳ ಏಕರೂಪೀಕರಣವನ್ನು ಸಂಪಾದನೆಯ ಅಂಗವೆಂದೇ ಭಾವಿಸುವುದು ಅವಶ್ಯ.